ಶಾರದಾ ಮಾವಶಿ ಮತ್ತು ಕುಸುಬಿ ಎಣ್ಣೆಯ ಗುಡ್ಡ

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷ. ಮಂದ್ರೂಪದ ಕಡೆಯಿಂದ ಬಂದ ಮೊದಲ ಬಸ್ಸು ಸೊಲ್ಲಾಪುರದ ವಿಜಾಪುರ ರಸ್ತೆಯ ತಿರುವಿನಲ್ಲಿ ಹಾಲಿನ ಕ್ಯಾನುಗಳನ್ನೂ ನಾಲ್ಕು ಮಂದಿಯನ್ನೂ ಇಳಿಸಿ ಹೋಗಿದೆ. ರಸ್ತೆ ಮತ್ತೆ ನಿದ್ದೆಗೆ ಜಾರಿದಂತಿದೆ. ಮಣ್ಣು ಮತ್ತು ಎಣ್ಣೆ ಪರೀಕ್ಷಿಸುವ ಒಂದು ಚಿಕ್ಕ ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ ಶಾರದಾಬಾಯಿ ಬಿಳಿ ಪೆಟ್ಟಿಗೆಯೊಂದರ ಮುಂದೆ ನಿಂತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ. ಹಸಿರು ಬಳೆಗಳನ್ನು ಮೊಣಕೈತನಕ ಏರಿಸಿ, ಗಾಜಿಗೆ ಗಾಜು ತಾಕದಿರಲೆಂದು ಅರಿವೆಯ ಪಟ್ಟಿ ಸುತ್ತಿದ್ದಾರೆ. ಕೈ ಮುಗಿದಿಲ್ಲ, ಆದರೂ ನಿಂತ ರೀತಿ ನೋಡಿದರೆ ಗರ್ಭಗುಡಿಯ ಪರದೆ ಸರಿಯಲೆಂದು ಕಾದವರ ಹಾಗಿದೆ.

ಗಡಿಯಾರದ ಮುಳ್ಳು ಆರಕ್ಕೆ ಬಂದೊಡನೆ ಬಾಗಿಲು ತೆರೆಯುತ್ತಾರೆ. ಮೊದಲ ಮಳೆ ಬಿದ್ದ ಹೊಲದ್ದೇ ವಾಸನೆ ಹೊರಗೆ ಬರುತ್ತದೆ. ಒಳಗೆ ಗಾಜಿನ ತಟ್ಟೆ, ತಟ್ಟೆಯಲ್ಲಿ ಬೆಣ್ಣೆ ಬಣ್ಣದ ಗೆರೆಗಳು. ನಿನ್ನೆ ಇದೇ ಹೊತ್ತಿಗೆ ಅವರೇ ಬಿತ್ತಿದ ಬ್ಯಾಕ್ಟೀರಿಯ ಒಂದು ಹಗಲು ಒಂದು ರಾತ್ರಿಯಲ್ಲಿ ಬೆಳೆದು ನಿಂತಿದೆ. ಬೋರಾಮಣಿಯ ಹುಲ್ಲುಗಾವಲಿನಂಚಿನ ಮಣ್ಣಿನಿಂದ ಬಂದದ್ದು. ಚೀಟಿಯ ಮೇಲೆ 'ಬೋ-೧೭' ಎಂದಿದೆ.

ಇವತ್ತಿನ ಈ ತಟ್ಟೆಯ ಮೇಲೆ ಇಬ್ಬರ ಮನಸ್ಸು ನೆಟ್ಟಿದೆ. ಬೋ-೧೭ ಜಗತ್ತು ಈವರೆಗೆ ಕಾಣದ ಹೊಸ ಜಾತಿ ಎಂದು ಸಂಶೋಧನೆ ಮಾಡುವ ಹುಡುಗಿ ಸಾರಿಕಾ ನಂಬಿದ್ದಾಳೆ. ಹೊಸದಾಗಿ ಕಂಡದ್ದು ಬ್ಯಾಕ್ಟೀರಿಯದ್ದಲ್ಲ, ತಮ್ಮ ಮನೆಯ ದೀಪದ ಎಣ್ಣೆಯದು ಎಂದು ಶಾರದಾಬಾಯಿ ಹೇಳುತ್ತಾರೆ. ಮಧ್ಯಾಹ್ನದೊಳಗೆ ಯಂತ್ರ ತೀರ್ಪು ಕೊಡಲಿದೆ.

"ದೇವ್ರಿಗೆ ಏನ್ ಬೇಡ್ಕೋಬೇಕಂತನ ತಿಳಿವಲ್ದು," ಎನ್ನುತ್ತಾರೆ ಅವರು, ತಟ್ಟೆಯನ್ನು ಬೆಳಕಿಗೆ ಹಿಡಿದು. "ನನ್ನ ಮಾತು ಖರೆ ಆಗ್ಲಿ ಅಂದ್ರ ಪೋರಿ ಮನಸ್ಸು ಮುರೀತದ. ಸುಳ್ಳಾಗ್ಲಿ ಅಂದ್ರ ದೀಪ ಹಚ್ಚಿದ ಕೈಲೇ ಸುಳ್ಳು ಬೇಡಿಧಂಗ ಆಗ್ತದ. ಅದಕ್ಕ ಸುಮ್ಮ ನಿಂತೀನಿ."

ಶಾರದಾಬಾಯಿಗೆ ಈಗ ಐವತ್ತಾರು. ತವರು ಅಕ್ಕಲಕೋಟ. ಪೇಟೆಯಲ್ಲಿ ತಂದೆಯದು ಎಣ್ಣೆಯ ಅಂಗಡಿ ಇತ್ತು. ಹಿಂದೆ ಎತ್ತಿನ ಗಾಣ, ಮುಂದೆ ತಗಡಿನ ಡಬ್ಬಿಗಳ ಸಾಲು. ಶೇಂಗಾ ಎಣ್ಣೆ, ಎಳ್ಳೆಣ್ಣೆ, ಕುಸುಬಿ ಎಣ್ಣೆ. ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸುವ ಹೊತ್ತಿಗೆ ಈ ಹುಡುಗಿ ಕಣ್ಣು ಮುಚ್ಚಿಕೊಂಡು, ಬರೀ ಬೆರಳ ನಡುವೆ ಉಜ್ಜಿ, ಯಾವ ಎಣ್ಣೆ ಎಂದು ಹೇಳುತ್ತಿದ್ದಳಂತೆ. ಸೊಲ್ಲಾಪುರಕ್ಕೆ ಲಗ್ನವಾಗಿ ಬಂದರು. ಇಬ್ಬರು ಮಕ್ಕಳು ಶಾಲೆಗೆ ಹೋಗುವಂತಾದ ಮೇಲೆ ಇಲ್ಲಿ ಗಾಜು ತೊಳೆಯುವ ಕೆಲಸಕ್ಕೆ ಸೇರಿದರು. ಅದಾಗಿ ಇಪ್ಪತ್ತೆರಡು ವರ್ಷ. ಪ್ರಯೋಗಾಲಯಕ್ಕೆ ಬಂದು ಹೋಗುವ ಹುಡುಗ ಹುಡುಗಿಯರಿಗೆಲ್ಲ ಅವರು ಮಾವಶಿ, ಎಂದರೆ ಚಿಕ್ಕಮ್ಮ.

ಪ್ರಯೋಗಾಲಯ ನಡೆಸುವ ಸಿದ್ದರಾಮಪ್ಪನವರೂ ಅಕ್ಕಲಕೋಟದ ಕಡೆಯವರೇ. ಮಾವಶಿಯ ಬೆರಳಿನ ಗುಣ ಕಂಡು ತೊಳೆಯುವ ಕೈಗೆ ಬಿತ್ತುವ ಕೆಲಸ ಕೊಟ್ಟವರು ಅವರು. "ಎಂ.ಎಸ್ಸಿ. ಮಾಡಿದವ್ರು ಬರ್ತಾರ, ಕಲೀತಾರ, ಹೋಗ್ತಾರ. ಕೈ ಮಾತ್ರ ಶಾರದಾಬಾಯಿದೇ ಉಳೀತದ," ಎಂದು ಅವರು ಹೇಳುವಾಗ ಮಾವಶಿ ಅಲ್ಲಿ ನಿಲ್ಲುವುದಿಲ್ಲ, ಬಕೆಟ್ ಎತ್ತಿಕೊಂಡು ಹೊರಟುಬಿಡುತ್ತಾರೆ.

ಕೆಲಸ ಏನೆಂದರೆ, ಬ್ಯಾಕ್ಟೀರಿಯದ ಮೈಯ ಕೊಬ್ಬು ನೋಡಿ ಅದರ ಕುಲ ಹೇಳುವುದು. ಕಣ್ಣಿಗೆ ಕಾಣದ ಆ ಜೀವಕ್ಕೂ ಒಂದು ಹೊದಿಕೆ ಇದೆ, ಹೊದಿಕೆಯಲ್ಲಿ ಕೊಬ್ಬಿದೆ. ಒಂದೊಂದು ಜಾತಿಯ ಕೊಬ್ಬಿನಾಮ್ಲಗಳ ಬೆರಕೆ ಒಂದೊಂದು ತರಹ. ಒಬ್ಬರ ಮನೆಯ ಮಸಾಲೆಯ ಹದ ಇನ್ನೊಬ್ಬರ ಮನೆಯಲ್ಲಿ ಬಾರದಲ್ಲ, ಹಾಗೆ. ಆ ಕೊಬ್ಬನ್ನು ಬಿಡಿಸಿ, ಹಗುರ ಮಾಡಿ, ಕೂದಲಿನಷ್ಟು ಸಣ್ಣಗಿನ ಉದ್ದನೆಯ ಸುರುಳಿ ನಳಿಕೆಯೊಳಗೆ ಊದಿದರೆ, ಹಗುರಾದವು ಮುಂದೆ ಬರುತ್ತವೆ, ಭಾರದವು ಹಿಂದೆ ಉಳಿಯುತ್ತವೆ. ಒಂದೊಂದು ಹೊರಬಿದ್ದಾಗಲೂ ಯಂತ್ರ ಕಾಗದದ ಮೇಲೆ ಒಂದೊಂದು ಶಿಖರ ಬರೆಯುತ್ತದೆ. ಮಾವಶಿ ಅವಕ್ಕೆ 'ಗುಡ್ಡ' ಎನ್ನುತ್ತಾರೆ. ಗುಡ್ಡಗಳ ಸಾಲನ್ನು ಹಳೆಯ ಸಾಲುಗಳೊಡನೆ ಹೋಲಿಸಿ, ಇದು ಇಂಥ ಜಾತಿ ಎಂದು ಯಂತ್ರವೇ ಹೆಸರು ಸೂಚಿಸುತ್ತದೆ.

ಆದರೆ ಸಾಲು ಸರಿ ಬರಬೇಕಾದರೆ ಬಿತ್ತನೆ ಸರಿ ಇರಬೇಕು. ಇಪ್ಪತ್ತೆಂಟು ಡಿಗ್ರಿ ಶಾಖ, ಇಪ್ಪತ್ತನಾಲ್ಕು ತಾಸು. ಎರಡು ತಾಸು ಆಚೀಚೆ ಆದೀತು, ಮೂರಾಗಬಾರದು. ಹೊರಗೆ ಸೊಲ್ಲಾಪುರ ನಲವತ್ತಮೂರು ಡಿಗ್ರಿಗೆ ಕಾದ ಹಂಚಾದಾಗಲೂ ಪೆಟ್ಟಿಗೆಯೊಳಗೆ ಮಾತ್ರ ಇಪ್ಪತ್ತೆಂಟೇ.

"ಯಾಕಂದ್ರ ಇವು ಭಾಳ ಶ್ಯಾಣ್ಯಾ ಅದಾವ್ರಿ," ಮಾವಶಿ ವಿವರಿಸುತ್ತಾರೆ. "ಥಂಡಿ ಹತ್ತಿದ್ರ ಮೈಯಾನ ಕೊಬ್ಬು ತೆಳ್ಳಗ ಮಾಡ್ಕೋತಾವ, ತುಪ್ಪಧಂಗ ಹೆಪ್ಪು ಆಗಬಾರ್ದಂತ. ಕಾವು ಏರಿದ್ರ ಗಟ್ಟಿ ಮಾಡ್ಕೋತಾವ, ಹರದು ಹೋಗಬಾರ್ದಂತ. ಅದಕ್ಕ ಎಲ್ಲಾರ್ನೂ ಒಂದ ಹವಾದಾಗ ಬೆಳಸಬೇಕು. ಇಲ್ಲಂದ್ರ ಅಣ್ಣಗ ತಮ್ಮನ ಹೆಸರು ಹೇಳ್ತದ ಯಂತ್ರ."

ತಟ್ಟೆಯಲ್ಲಿ ನಾಲ್ಕು ಮನೆ ಮಾಡಿ ಗೆರೆ ಎಳೆದಿರುತ್ತಾರೆ. ಕೊಯ್ಯುವುದು ಮೂರನೆಯ ಮನೆಯಿಂದ. ಯಾಕೆ ಮೂರನೆಯದು ಎಂದರೆ ಮಾವಶಿ ನಗುತ್ತಾರೆ. "ಒಂದನೇ ಮನ್ಯಾಗ ಒಬ್ಬರ ಮ್ಯಾಲ ಒಬ್ಬರು ಕುಂತಿರ್ತಾರ, ಎಲ್ಲಾ ಮುದುಕ್ರು. ನಾಲ್ಕನೇದ್ರಾಗ ಒಂದೀಟು ಕೂಸುಗೋಳು. ಮೂರನೇ ಮನಿಯವ್ರು ದುಡಿಯೋ ಮಂದಿ, ಅವ್ರ ಮೈ ನೋಡಿದ್ರ ಮನಿತನ ತಿಳೀತದ."

ಈಗ ಅವರು ಸಣ್ಣ ಕುಣಿಕೆಯಿಂದ ಮೂರನೆಯ ಮನೆಯನ್ನು ಕೆರೆದು ಗಾಜಿನ ಕೊಳವೆಯ ತಳಕ್ಕೆ ಸವರುತ್ತಾರೆ. ನಲವತ್ತು ಮಿಲಿಗ್ರಾಂ ಬೇಕು, ಒಂದು ಮಾಲದಂಡಿ ಜೋಳದ ಕಾಳಿನಷ್ಟು. ತಕ್ಕಡಿಗೆ ಹಾಕುವುದು ಮಾವಶಿಗಾಗಿ ಅಲ್ಲ, ವಹಿಯಲ್ಲಿ ಬರೆಯುವುದಕ್ಕಾಗಿ. ಇವತ್ತು ತಕ್ಕಡಿ ನಲವತ್ತೊಂದು ತೋರಿಸುತ್ತದೆ. ಕಾಸ್ಟಿಕ್ ಸೋಡಾದ ನೀರು ಹಾಕಿ, ಮುಚ್ಚಳ ಬಿಗಿದು, ಕುದಿನೀರಿನಲ್ಲಿ ಐದು ನಿಮಿಷ. ಜೋರಾಗಿ ಕುಲುಕಿ ಮತ್ತೆ ಇಪ್ಪತ್ತೈದು ನಿಮಿಷ. ಸಾಬೂನು ಮಾಡಿದ ಹಾಗೆಯೇ. ಆಮೇಲೆ ಆಮ್ಲ ಹಾಕಿ ಎಂಬತ್ತು ಡಿಗ್ರಿಯಲ್ಲಿ ಹತ್ತು ನಿಮಿಷ, ಕೂಡಲೇ ತಣ್ಣೀರು. ಸುಗ್ಗಿಯ ದಿನಗಳಲ್ಲಿ ಇಂಥ ಇಪ್ಪತ್ತನಾಲ್ಕು ಕೊಳವೆ ಅವರ ಕೈಯಲ್ಲಿ ಸಾಗುತ್ತವೆ. ಅವಷ್ಟನ್ನೂ ಮತ್ತೆ ಅವರೇ ತೊಳೆಯುತ್ತಾರೆ, ಬಿಸಿನೀರಲ್ಲಿ ಮೂರು ಸಲ, ಬಟ್ಟಿ ಇಳಿಸಿದ ನೀರಲ್ಲಿ ಮೂರು ಸಲ. ಮಾವಶಿ ತೊಳೆದ ಕೊಳವೆ ಎಂದರೆ ಮತ್ತೆ ನೋಡಬೇಕಿಲ್ಲ ಎಂಬ ಮಾತು ಇಲ್ಲಿ ಇಪ್ಪತ್ತೆರಡು ವರ್ಷ ನಡೆದು ಬಂದಿದೆ.

ಆ ಮಾತಿಗೆ ಈ ನವರಾತ್ರಿಯಲ್ಲಿ ಕುತ್ತು ಬಂತು.

ಅವರ ಗಂಡನ ಮನೆಯಲ್ಲಿ ಘಟಸ್ಥಾಪನೆಯ ದಿನ ಹಚ್ಚಿದ ದೀಪ ಒಂಬತ್ತು ದಿನ ಆರಬಾರದು. ಕುಸುಬಿ ಎಣ್ಣೆಯೇ ಆಗಬೇಕು. ನಲವತ್ತು ವರ್ಷ ಆ ದೀಪ ನೋಡಿಕೊಂಡವರು ಅತ್ತೆ. ಈ ವರ್ಷ ಅತ್ತೆಯ ಕಣ್ಣು ಮಂಜಾಗಿ, ಬತ್ತಿ ಯಾವುದು ಉರಿ ಯಾವುದು ತಿಳಿಯದಾದಾಗ, ದೀಪ ಸೊಸೆಯ ಕೈಗೆ ಬಂತು. ದೀಪದೊಡನೆ ಅದರ ಕಟ್ಟಳೆಯೂ ಬಂತು. ದೀಪಕ್ಕೆ ಎರೆದ ಎಣ್ಣೆ ಕೈಗೆ ಹತ್ತಿದರೆ ತೊಳೆಯಬಾರದು, ದೇವಿಯ ಎಣ್ಣೆ ಮೋರಿಗೆ ಹೋಗಬಾರದು. ಮುಂಗೈಗೆ ತಿಕ್ಕಿಕೊಂಡು ಮೈಯಲ್ಲಿಯೇ ಇಂಗಿಸಬೇಕು.

ಒಂಬತ್ತು ದಿನ ಮಾವಶಿ ಬೆಳಗಿನ ಐದಕ್ಕೆ ದೀಪಕ್ಕೆ ಎಣ್ಣೆ ಎರೆದರು, ಮುಂಗೈಗೆ ತಿಕ್ಕಿಕೊಂಡರು, ನಡೆದು ಬಂದು ಆರಕ್ಕೆ ಪೆಟ್ಟಿಗೆ ತೆರೆದರು. ಕೊಯ್ಲಿಗೆ ಕೈಗವಸು ಹಾಕುತ್ತಾರೆ. ಕೊಳವೆಗಳನ್ನು ಜೋಡಿಸುವುದು, ಮುಚ್ಚಳ ತಿರುವಿ ನೋಡುವುದು ಬರಿಗೈಯಲ್ಲೇ. ಆ ಒಂಬತ್ತು ದಿನದಲ್ಲಿ ಪರೀಕ್ಷೆಗೆ ಇದ್ದದ್ದು ಬೋ-೧೭ ಒಂದೇ, ಮೂರು ಸಲ. ಬ್ಯಾಕ್ಟೀರಿಯ ಹಾಕದ ಬರಿ ಕೊಳವೆಯನ್ನೂ ಜೊತೆಗೆ ಓಡಿಸಿ ತಾಳೆ ನೋಡುವ ಪದ್ಧತಿ ಉಂಟು. ಸಾರಿಕಾ ಅದನ್ನೂ ಮಾಡಿದ್ದಳು, ಆದರೆ ಆಗಷ್ಟೇ ಒಡೆದ ಹೊಸ ಪೆಟ್ಟಿಗೆಯ ಕೊಳವೆ ತೆಗೆದು ತನ್ನ ಕೈಯಿಂದಲೇ ಮಾಡಿದ್ದಳು. ಅದರಲ್ಲಿ ಏನೂ ಕಾಣಲಿಲ್ಲ.

ಬೋ-೧೭ರಲ್ಲಿ ಮೂರು ಸಲವೂ ಒಂದು ದೊಡ್ಡ ಗುಡ್ಡ ಎದ್ದಿತು. ಇಂಥ ಬ್ಯಾಕ್ಟೀರಿಯಗಳಲ್ಲಿ ಕಾಣದ ಲಿನೋಲಿಕ್ ಆಮ್ಲದ ಗುಡ್ಡ. ಯಂತ್ರ ಯಾವ ಹೆಸರನ್ನೂ ಹೇಳದೆ ಸೋತಿತು. ಸಾರಿಕಾ ಸೊಲ್ಲಾಪುರದ ಅರಿವೆ ವ್ಯಾಪಾರಸ್ಥರ ಮನೆಯ ಹುಡುಗಿ, ಮೂರು ವರ್ಷದಿಂದ ಬೋರಾಮಣಿಯ ಮಣ್ಣು ಹೊತ್ತು ತಂದವಳು. ದಸರೆಯ ಮರುದಿನ ಪೇಢೆಯ ಡಬ್ಬಿ ಹಿಡಿದು ಓಡಿ ಬಂದಳು. ಆ ಕಾಗದವನ್ನು ಗೋಡೆಗೆ ಅಂಟಿಸಿದಳು. ಆ ಮಣ್ಣು ತೆಗೆದ ಹೊಲದ ಒಡೆಯ ಬಂಡೆಪ್ಪನಿಗೂ ಫೋನು ಹೋಯಿತು. ಅವನು ಬೋರಾಮಣಿಯ ಚಹಾದಂಗಡಿಯಲ್ಲಿ ಕುಳಿತು, ಜಗತ್ತಿನಲ್ಲಿ ಎಲ್ಲೂ ಇಲ್ಲದ್ದು ತನ್ನ ಹೊಲದ ಬದುವಿನಲ್ಲಿದೆ ಎಂದು ಸಾರಿದ.

ಮಾವಶಿ ಪೇಢೆ ಕೈಯಲ್ಲಿ ಹಿಡಿದು ಗೋಡೆಯ ಕಾಗದ ನೋಡಿದರು. ನೋಡುತ್ತ ನಿಂತರು.

ಅದೇ ಯಂತ್ರದಲ್ಲಿ ವ್ಯಾಪಾರಿಗಳ ಎಣ್ಣೆಯನ್ನೂ ಪರೀಕ್ಷಿಸುತ್ತಾರೆ. ಕುಸುಬಿ ಎಣ್ಣೆಯಲ್ಲಿ ಬೆರಕೆ ಇದೆಯೋ ಇಲ್ಲವೋ ನೋಡಲು ಹೀಗೆಯೇ ಗುಡ್ಡ ಬರೆಸುತ್ತಾರೆ. ಆ ಕಾಗದಗಳನ್ನು ಇಪ್ಪತ್ತೆರಡು ವರ್ಷ ಫೈಲಿಗೆ ಸೇರಿಸಿದವರು ಮಾವಶಿ. ಇಂಗ್ಲಿಷು ಬಾರದು, ಆದರೆ ಗುಡ್ಡಗಳ ಮುಖ ಬಲ್ಲರು. ಒಂದು ದೊಡ್ಡದು, ಅದರ ಪಕ್ಕೆಗೆ ಒರಗಿದ ಒಂದು ಸಣ್ಣದು, ಬಹಳ ಮುಂದೆ ಒಂಟಿಯಾಗಿ ಇನ್ನೊಂದು ಪುಟ್ಟದು. ನೋಡನೋಡುತ್ತ ಗೋಡೆ ಕರಗಿ ಅಕ್ಕಲಕೋಟದ ಅಂಗಡಿಯಾಯಿತು. ಗಾಣದ ಮರ ಕಿರುಗುಟ್ಟಿತು. ತಂದೆ ಡಬ್ಬಿಯ ಬಾಯಿಂದ ಹಳದಿ ನೂಲಿನಂತೆ ಎಣ್ಣೆ ಇಳಿಸುತ್ತಿದ್ದಾರೆ, ಬೆಳಕು ಆ ನೂಲಿನಗುಂಟ ಜಾರಿ ಬರುತ್ತಿದೆ, ಪುಟ್ಟ ಹುಡುಗಿಯೊಬ್ಬಳು ಬೆರಳು ಒಡ್ಡಿ ನಿಂತಿದ್ದಾಳೆ.

"ಪೇಢಾ ಬಾಯಾಗ ಹಾಕ್ಕೋಳ್ಳಾಕ ಆಗ್ಲಿಲ್ರಿ," ಎನ್ನುತ್ತಾರೆ. "ಸೆರಗಿನ ತುದಿಗೆ ಕಟ್ಟಿಟ್ಟೆ. ಮೂರು ದಿನ ಹಂಗೇ ಇತ್ತು."

ಮೂರು ದಿನ ಅವರು ಯಾರಿಗೂ ಹೇಳಲಿಲ್ಲ. ಹೊಸ ಜಾತಿ ಸಿಕ್ಕಿತೆಂದು ಪುಣೆಯ ಸಂಶೋಧನಾ ಸಂಸ್ಥೆಗೆ ಸೋಮವಾರ ಪತ್ರ ಹೋಗುವುದಿತ್ತು. ಬಾಯಿ ಬಿಟ್ಟರೆ ಹುಡುಗಿಯ ಕನಸು ಹೋಗುತ್ತದೆ, ತನ್ನ ಕೈಯ ಹೆಸರೂ ಹೋಗುತ್ತದೆ. ಬಿಡದಿದ್ದರೆ ದೇವಿಯ ದೀಪ ಒಂದು ಸುಳ್ಳಿಗೆ ಸಾಕ್ಷಿಯಾಗಿ ನಿಲ್ಲುತ್ತದೆ. ನಾಲ್ಕನೆಯ ದಿನ, ಶನಿವಾರ, ಇಬ್ಬರೇ ಇದ್ದಾಗ ಮಾವಶಿ ಶುರು ಮಾಡಿದರು.

"ಸಾರಿಕಾ, ಆ ದೊಡ್ಡ ಗುಡ್ಡ ನಿನ್ನ ಬೋರಾಮಣಿದಲ್ಲವ್ವಾ. ಅದು ನಮ್ಮಪ್ಪನ ಅಂಗಡಿದು."

"ಕಾಯ್ ಮಾವಶಿ, ಮುಂಜಾನೆದ್ದು ಮಸ್ಕರಿ ಮಾಡಾಕತ್ತೀರೇನು?"

"ಮಸ್ಕರಿ ಅಲ್ಲ ಬಾಳಾ. ಕುಸುಬಿ ಎಣ್ಣಿ ಅದು. ನನ್ನ ಕೈಯಾಂದು." ದೀಪದ ಕತೆ ಎಲ್ಲ ಹೇಳಿದರು.

ಸಾರಿಕಾ ಗೋಡೆಯ ಕಾಗದದ ಕಡೆ ತಿರುಗಿದಳು. ಆಮೇಲೆ ಒಂದೇ ಮಾತು: "ಮಾವಶಿ, ನಿಮ್ಮ ಕೈ ಮ್ಯಾಲ ನಾ ಕಣ್ಣು ಮುಚ್ಚಿ ಭರವಸಾ ಇಟ್ಟಿದ್ದೆ."

ಆ ಮಾತು ಈಗ ಹೇಳುವಾಗಲೂ ಮಾವಶಿಯ ಕೈ ಸೆರಗಿನ ತುದಿಗೆ ಹೋಗುತ್ತದೆ.

ವಿಷಯ ಸಿದ್ದರಾಮಪ್ಪನವರ ಕಿವಿಗೆ ಬಿತ್ತು. ಅವರು ಬೈಯಲಿಲ್ಲ. ಪತ್ರವನ್ನು ಮೇಜಿನ ಖಾನೆಯಲ್ಲಿ ಇಟ್ಟು ಹೇಳಿದರು, "ಇಬ್ಬರೂ ಸುಮ್ಮನಿರ್ರಿ. ಯಂತ್ರಕ್ಕ ಕೇಳೂಣು. ಒಂದು ಕೊಳವಿ ತೊಳದ ಕೈಲೆ, ಬೋ-೧೭ ಹಾಕಿ. ಇನ್ನೊಂದರಾಗ ಏನೂ ಹಾಕಬ್ಯಾಡ್ರಿ, ಬರೇ ಶಾರದಾಬಾಯಿ ಕೈ ತಾಕಲಿ."

ಅದೇ ಇವತ್ತಿನ ಕೆಲಸ. ಬೋ-೧೭ರ ಕೊಳವೆ ಕುದಿದು, ತಣಿದು, ಬದಿಗೆ ಸರಿದಿದೆ. ಈಗ ಮಾವಶಿ ಕೋಣೆಯ ಇನ್ನೊಂದು ಮೂಲೆಗೆ ಹೋಗಿ, ಮನೆಯಿಂದ ತಂದ ಪುಟ್ಟ ಬಾಟಲಿ ತೆರೆಯುತ್ತಾರೆ. ಬೆರಳಿಗೆ ಎಣ್ಣೆ ಹಚ್ಚಿ, ನವರಾತ್ರಿಯಲ್ಲಿ ಮಾಡಿದಂತೆಯೇ ಮುಂಗೈಗೆ ತಿಕ್ಕುತ್ತಾರೆ. ಒಂದು ತಾಸು ಸುಮ್ಮನೆ ಕೂರುತ್ತಾರೆ, ಮನೆಯಿಂದ ಇಲ್ಲಿಯವರೆಗಿನ ದಾರಿ ನಡೆದಷ್ಟು ಹೊತ್ತು. ಆಮೇಲೆ ಬರಿ ಕೊಳವೆಯೊಂದರ ಬಾಯಿ ಹಿಡಿದು, ಮುಚ್ಚಳದ ಒಳಗನ್ನು ಬೆರಳಿಂದ ಒತ್ತಿ, ತಿರುವಿ ಮುಚ್ಚಿ, ಅದನ್ನೂ ಬೋ-೧೭ರ ಹಾಗೆಯೇ ಕುದಿಸಲು ಇಡುತ್ತಾರೆ. ಕೊಳವೆಯಲ್ಲಿ ಏನೂ ಕಾಣುವುದಿಲ್ಲ. ಕಾಣದ್ದೇ ಅವರಿಗೆ ಭಯ.

ಹತ್ತೂವರೆಗೆ ಸಾರಿಕಾ ಯಂತ್ರದ ಮುಂದೆ ಕೂತಿದ್ದಾಳೆ. ಬಂಡೆಪ್ಪನೂ ಬಂದಿದ್ದಾನೆ, ಮಣ್ಣು ಪರೀಕ್ಷೆಯ ಕಾಗದ ಒಯ್ಯುವ ನೆಪ.

"ನಮ್ಮ ಹುಳಕ್ಕ ಹೆಸರು ಇಟ್ಟರೇನ್ರಿ ಬಾಯಾರ?" ಕೇಳುತ್ತಾನೆ.

"ತೊಟ್ಲಾಗ ಹಾಕೀವಿ, ತಡಿಯಪಾ," ಎನ್ನುತ್ತಾರೆ ಮಾವಶಿ. ಸಾರಿಕಾಳ ತುಟಿಯಲ್ಲಿ ಅನೇಕ ದಿನಗಳ ಮೇಲೆ ಸಣ್ಣ ನಗೆ.

ಮೊದಲು ಬರಿ ಕೊಳವೆಯ ಕಾಗದ ಬರುತ್ತದೆ. ಉದ್ದಕ್ಕೂ ಬಯಲು, ಬೋರಾಮಣಿಯ ಹುಲ್ಲುಗಾವಲಿನ ಹಾಗೆ. ಆಮೇಲೆ ಒಮ್ಮೆಲೇ ಒಂದು ದೊಡ್ಡ ಗುಡ್ಡ, ಪಕ್ಕೆಗೆ ಒರಗಿದ ಸಣ್ಣದು, ಮುಂದೆ ಒಂಟಿಯಾಗಿ ಪುಟ್ಟದು. ಯಾವ ಜೀವವೂ ಇರದ ಕೊಳವೆ, ಬರೀ ಕೈ ತಾಕಿದ್ದು. ಅರ್ಧ ತಾಸಿನ ಮೇಲೆ ಬೋ-೧೭ರ ಕಾಗದ. ದೊಡ್ಡ ಗುಡ್ಡ ಇದ್ದಲ್ಲಿ ಈಗ ಬಯಲು. ಉಳಿದ ಗುಡ್ಡಗಳು ತಮ್ಮ ತಮ್ಮ ಜಾಗದಲ್ಲಿ ನೆಟ್ಟಗೆ ನಿಂತಿವೆ. ಈ ಸಲ ಯಂತ್ರ ತಡವರಿಸುವುದಿಲ್ಲ. ಹೊಲಗಳ ಮಣ್ಣಲ್ಲೆಲ್ಲ ಸಿಗುವ ಒಂದು ಬಡ ಬ್ಯಾಸಿಲಸ್‌ನ ಹೆಸರು ಹೇಳುತ್ತದೆ.

ಸಾರಿಕಾ ಗೋಡೆಯ ಹತ್ತಿರ ಹೋಗಿ ಅಂಟಿಸಿದ ಕಾಗದವನ್ನು ಹರಿಯದಂತೆ ಬಿಡಿಸುತ್ತಾಳೆ. ಕಣ್ಣು ತುಂಬಿವೆ.

"ಬಂಡೆಪ್ಪಣ್ಣಾ, ನಿಮ್ಮ ಹುಳ ಎಲ್ಲಾ ಊರಾಗೂ ಅದ ಅಂತರಿ."

ಬಂಡೆಪ್ಪ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಾನೆ. "ಹೋಗ್ಲಿ ಬಿಡ್ರಿ ತಾಯಿ. ಎಲ್ಲಾ ಊರಾಗ ಬೀಗ್ರು ಇದ್ದಂಗಾತು. ಜೋಳಕ್ಕ ತ್ರಾಸ್ ಕೊಡಂಗಿಲ್ಲಲ್ಲ? ಅಷ್ಟು ಸಾಕು." ಚಹಾದಂಗಡಿಯಲ್ಲಿ ಏನು ಹೇಳುವುದೆಂದು ಯೋಚಿಸುತ್ತ ಹೊರಟುಹೋಗುತ್ತಾನೆ.

ಸಿದ್ದರಾಮಪ್ಪ ಖಾನೆಯಿಂದ ಪತ್ರ ತೆಗೆದು ನಾಲ್ಕು ಮಡಿಕೆ ಮಾಡುತ್ತಾರೆ. "ಸೋಮವಾರ ಇದು ಹೋಗಿದ್ರ, ಮುಂದ ಯಾರರೆ ಹಿಡೀತಿದ್ರು," ಎನ್ನುತ್ತಾರೆ. "ಆವಾಗ ಹೋಗೋದು ಬರೇ ಹುಳದ ಹೆಸರಲ್ಲ, ಸಾರಿಕಾಂದು."

ಸಾರಿಕಾ ಮಾವಶಿಯ ಎದುರು ಬಂದು ನಿಲ್ಲುತ್ತಾಳೆ. ಮೂರು ವರ್ಷದ ಕನಸು ಅಳಿದ ಮುಖವದು, ಆದರೂ ಸಿಟ್ಟಿನ ಮುಖವಲ್ಲ. "ಮಾವಶಿ, ನಾಳಿಂದ ಅಕ್ಕಲಕೋಟದ ಮಣ್ಣು ಶುರು ಮಾಡೂಣು. ಬಿತ್ತೋದು ನೀವ ಬಿತ್ತರಿ. ಬರಿ ಕೊಳವಿನೂ ಇನ್ನ ಮ್ಯಾಲೆ ನೀವ ಜೋಡಸ್ರಿ."

ಮಾವಶಿ ಆ ಹುಡುಗಿಯ ಕೆನ್ನೆಗೆ ಮೊಣಕೈಯಿಂದ ಒಮ್ಮೆ ಒತ್ತುತ್ತಾರೆ, ಅಂಗೈಯಲ್ಲಿ ಇನ್ನೂ ಎಣ್ಣೆಯಿದೆ.

ಇನ್ನು ಮುಂದಿನ ನವರಾತ್ರಿಯ ಪ್ರಶ್ನೆ. ದೀಪವನ್ನೂ ಬಿಡುವಂತಿಲ್ಲ, ಕೊಳವೆಯನ್ನೂ ಬಿಡುವಂತಿಲ್ಲ. ಅಂಜುತ್ತಲೇ ಅತ್ತೆಯನ್ನು ಕೇಳಿದ್ದರಂತೆ. ಕಣ್ಣು ಕಾಣದ ಆ ಮುದುಕಿ ತಡಮಾಡದೆ ದಾರಿ ತೋರಿಸಿದರು: "ಅಂಟವಾಳದ ನೀರಿಲೆ ಕೈ ತೊಳಿ. ತೊಳದ ನೀರು ತುಳಸಿ ಬುಡಕ್ಕ ಹಾಕು. ತುಳಸಿ ಏನ್ ಮೋರಿ ಅಲ್ಲಲ್ಲ?"

ಹನ್ನೆರಡರ ಬಿಸಿಲು ಕಿಟಕಿಯಿಂದ ಇಳಿದು ತೊಳೆದಿಟ್ಟ ಗಾಜಿನ ಮೇಲೆ ಆಡುತ್ತಿದೆ. ಬೇಕಾದದ್ದು ಏನಾದರೂ ಇದೆಯೇ ಎಂದು ಸಿದ್ದರಾಮಪ್ಪ ಕೇಳಿದರೆ ಮಾವಶಿ ಮೊದಲು ಇಲ್ಲವೆಂದು ತಲೆಯಾಡಿಸುತ್ತಾರೆ. ಆಮೇಲೆ ಮೇಜಿನ ಮೇಲಿದ್ದ ಬರಿ ಕೊಳವೆಯ ಕಾಗದದ ಕಡೆ ನೋಡುತ್ತಾರೆ.

"ಆ ಕಾಗದ ಒಂದು ಕೊಡ್ತೀರೇನ್ರಿ ಸಾಹೇಬ್ರ? ನಿಮಗ ಅದು ಉಪಯೋಗಿಲ್ಲಲ್ಲ."

"ಉಪಯೋಗಿಲ್ದ ಕಾಗದಾನೂ ಫೈಲಿನಾಗ ಇರಬೇಕು ಶಾರದಾಬಾಯಿ. ತಪ್ಪು ಆದದ್ದೂ ದಾಖಲಾಗಬೇಕಲ್ಲ," ಎನ್ನುತ್ತಾರೆ ಸಿದ್ದರಾಮಪ್ಪ. ಸಾರಿಕಾ ಅಷ್ಟರೊಳಗೆ ಎದ್ದು ಕೆಳಗಿನ ಅಂಗಡಿಗೆ ಓಡಿ ಅದರ ಝೆರಾಕ್ಸ್ ತಂದಿರುತ್ತಾಳೆ.

ಮಾವಶಿ ಆಗ ಕೈ ತೊಳೆಯುತ್ತಾರೆ. ಹೊರಗಿನ ಕುಂಡದ ಗಿಡಕ್ಕೆ ಆ ನೀರು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, ಕಾಗದವನ್ನು ಎರಡೂ ಅಂಗೈಯಲ್ಲಿ ಹಿಡಿಯುತ್ತಾರೆ. ಉದ್ದನೆಯ ಬಯಲಿನ ನಡುವೆ ದೊಡ್ಡ ಗುಡ್ಡದ ಗೆರೆ ನೆಟ್ಟಗೆ ಮೇಲೆದ್ದು ತುದಿಯಲ್ಲಿ ಚೂಪಾಗಿದೆ, ಗಾಳಿಯಿಲ್ಲದ ಕೋಣೆಯ ಉರಿಯಂತೆ.

"ದೇವರ ಮಾಡದಾಗ ಇಡ್ತೀನ್ರಿ," ಎನ್ನುತ್ತಾರೆ ಮೆಲ್ಲಗೆ. "ದಸರಾ ದಿನ ದೀಪ ಶಾಂತ ಆತು. ಇದರಾಗ ಮಾತ್ರ ಇನ್ನಾ ಉರಿಯಾಕತ್ತದ."